ಮಗುವನ್ನು ಮಗ್ಗುಲಲ್ಲಿ ಮಲಗಿಸಿಕೊಳ್ಳುವ ಮುನ್ನ: ಕೊಡಗಿನ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಆರೋಗ್ಯ ಸಹಾಯಕಿಯಾಗಿ ಸೋಮವಾರಪೇಟೆ, ಮಡಿಕೇರಿ ಕಡೆಯ ತೋಟಗಳಲ್ಲಿ ಮನೆ ಮನೆ ಸುತ್ತಿದ ವರ್ಷಗಳಲ್ಲಿ ಬಾಣಂತಿಯರು ಕೇಳಿದ ಪ್ರಶ್ನೆಗಳಿವು. ನಿವೃತ್ತಳಾದ ಮೇಲೂ ನಿಂತಿಲ್ಲ. ಫೋನಿನಲ್ಲಿ ಕೇಳುತ್ತಾರೆ, ಪತ್ರ ಬರೆಯುತ್ತಾರೆ, ಕುಶಾಲನಗರದ ಬಸ್ಸಿನಲ್ಲಿ ಪಕ್ಕದ ಸೀಟಿನವರು ಸೊಸೆಯ ಹೆರಿಗೆಯ ಸುದ್ದಿ ತೆಗೆದು ಕೊನೆಗೆ ಇಲ್ಲಿಗೇ ಬಂದು ಮುಟ್ಟುತ್ತಾರೆ. ಪ್ರಶ್ನೆಗಳನ್ನು ಆದಷ್ಟೂ ಕೇಳಿದವರ ಮಾತಿನಲ್ಲೇ ಬರೆದಿದ್ದೇನೆ. ನಾನು ವೈದ್ಯಳಲ್ಲ. ನಿಮ್ಮ ಮಗುವನ್ನು ಕಣ್ಣಾರೆ ಕಂಡ ವೈದ್ಯರು ಬೇರೆ ಹೇಳಿದ್ದರೆ ಅವರ ಮಾತೇ ನಡೆಯಲಿ.

## ಎಲ್ಲರೂ ಮೊದಲು ಕೇಳುವುದು

ಸುತ್ತಿ ಬಳಸಿ ಹೇಳಬೇಡಿ. ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಳ್ಳಬಹುದೋ, ಬಾರದೋ?

ಒಂದೇ ಕೋಣೆಯಲ್ಲಿ, ನೀವು ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಆದರೆ ತನ್ನದೇ ಬೇರೆ ಹಾಸಿಗೆಯಲ್ಲಿ ಮಗು ಮಲಗಿದರೆ ಎಲ್ಲಕ್ಕಿಂತ ಕ್ಷೇಮ. ಕನಿಷ್ಠ ಮೊದಲ ಆರು ತಿಂಗಳು ಹೀಗೇ ಇರಲಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ ಮತ್ತೊಮ್ಮೆ ಹೇಳಿದೆ. ಒಂದೇ ಹಾಸಿಗೆಯಲ್ಲಿ ಮಲಗಿಸಿಕೊಳ್ಳುವುದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಕೆಲವು ಮನೆಗಳಲ್ಲಿ ಅದು ಸುತರಾಂ ಕೂಡದು. ಆ ಮನೆಗಳು ಯಾವುವೆಂದು ಮುಂದೆ ಹೇಳುತ್ತೇನೆ.

ಆದರೆ ಕಂಡ ಸತ್ಯವನ್ನೂ ಹೇಳಬೇಕಲ್ಲ. "ನಾವು ಮಗುವನ್ನು ತೊಟ್ಟಿಲಲ್ಲೇ ಮಲಗಿಸುತ್ತೇವೆ ಸಿಸ್ಟರ್" ಎಂದು ಬೆಳಿಗ್ಗೆ ಹೇಳಿದವರ ಮಗು ರಾತ್ರಿ ಮೂರು ಗಂಟೆಗೆ ಅಮ್ಮನ ಮಗ್ಗುಲಲ್ಲೇ ಇರುತ್ತದೆ. ಹಾಲು ಕುಡಿಸುತ್ತ ಕುಡಿಸುತ್ತ ಇಬ್ಬರಿಗೂ ಜೊಂಪು ಹತ್ತಿರುತ್ತದೆ. ಅದಕ್ಕೇ ತೊಟ್ಟಿಲಿದ್ದವರಿಗೂ ನಾನು ಹೇಳುವುದು ಒಂದೇ: ನಿಮ್ಮ ಹಾಸಿಗೆಯನ್ನೂ ಹಗಲಿನಲ್ಲೇ, ಕಣ್ಣು ಎಚ್ಚರವಿರುವಾಗಲೇ, ಮಗುವಿಗೆ ತಕ್ಕಂತೆ ಅಣಿ ಮಾಡಿಡಿ. ನಿದ್ದೆ ಹೇಳಿ ಕೇಳಿ ಬರುವುದಿಲ್ಲ.

ನಮ್ಮ ಅಜ್ಜಿ ಎಂಟು ಮಕ್ಕಳನ್ನು ಮಗ್ಗುಲಲ್ಲೇ ಹಾಕಿಕೊಂಡು ಬೆಳೆಸಿದರು. ನೀವೇಕೆ ಇಷ್ಟು ಹೆದರಿಸುತ್ತೀರಿ?

ಅಜ್ಜಿ ಮಲಗಿದ್ದು ಎಲ್ಲಿ ಎಂದು ಒಮ್ಮೆ ಕೇಳಿ ನೋಡಿ. ನೆಲದ ಮೇಲೆ ಚಾಪೆ, ಅದರ ಮೇಲೊಂದು ಜಮಖಾನ, ತಲೆಗೆ ದಿಂಬಿದ್ದರೆ ಇತ್ತು ಇಲ್ಲದಿದ್ದರೆ ಇಲ್ಲ. ಈಗಿನ ಮಂಚದಲ್ಲಿ ಒಂದು ಗೇಣು ದಪ್ಪದ ಫೋಮ್ ಹಾಸಿಗೆ, ನಾಲ್ಕು ದಿಂಬು, ಒಂದು ಭಾರದ ರಜಾಯಿ. ಮಲಗುವ ರೀತಿ ಅಜ್ಜಿಯದೇ, ಹಾಸಿಗೆ ಮಾತ್ರ ಅಜ್ಜಿಯದಲ್ಲ. ಇನ್ನೊಂದು ಮಾತು: ಅಜ್ಜಿಯ ಕಾಲದಲ್ಲಿ ಹೋದ ಮಗುವಿಗೆ 'ದೃಷ್ಟಿಯಾಯಿತು', 'ಬಾಲಗ್ರಹ' ಎಂದು ಹೆಸರಿಟ್ಟು ಮಣ್ಣು ಮಾಡುತ್ತಿದ್ದರು. ಎಷ್ಟು ಹೋದವು, ಏಕೆ ಹೋದವು ಎಂದು ಯಾರೂ ಬರೆದಿಡಲಿಲ್ಲ.

ರಾತ್ರಿ ಮಲಗಿದ ಮಗುವಿಗೆ ಆಗುವುದಾದರೂ ಏನು?

ಎರಡು ಬಗೆಯ ಅಪಾಯವಿದೆ. ಒಂದು ಕಣ್ಣಿಗೆ ಕಾಣುವಂಥದು: ಮೂಗು ಬಾಯಿ ಮೆತ್ತನೆಯ ಯಾವುದಕ್ಕೋ ಒತ್ತಿಕೊಳ್ಳುವುದು, ಸಂದಿನಲ್ಲಿ ಸಿಕ್ಕಿಕೊಳ್ಳುವುದು, ದೊಡ್ಡವರ ಕೈಕಾಲು ಮೇಲೆ ಬೀಳುವುದು. ಇನ್ನೊಂದು, ಆರೋಗ್ಯವಾಗಿದ್ದ ಮಗು ನಿದ್ದೆಯಲ್ಲೇ ಕಾರಣ ಸಿಗದಂತೆ ಉಸಿರು ನಿಲ್ಲಿಸುವುದು. ಈ ಎರಡನೆಯದು ಒಂದರಿಂದ ನಾಲ್ಕು ತಿಂಗಳ ನಡುವೆ ಹೆಚ್ಚು. ಆರು ತಿಂಗಳು ದಾಟಿದರೆ ಬಹಳ ಕಡಿಮೆ.

ದೊಡ್ಡವರ ಮುಖದ ಮೇಲೆ ಬಟ್ಟೆ ಬಿದ್ದರೆ ನಿದ್ದೆಯಲ್ಲೇ ಕೊಡವಿ ಹಾಕುತ್ತೇವೆ. ಚಿಕ್ಕ ಮಗುವಿಗೆ ಆ ಎಚ್ಚರ ಇನ್ನೂ ಬಲಿತಿರುವುದಿಲ್ಲ, ತಲೆ ಹೊರಳಿಸುವ ಬಲವೂ ಇರುವುದಿಲ್ಲ. ತಾನು ಬಿಟ್ಟ ಉಸಿರನ್ನೇ ತಾನು ಮತ್ತೆ ಎಳೆದುಕೊಳ್ಳುತ್ತ ಸುಮ್ಮನಾಗಿಬಿಡುತ್ತದೆ. ಅಳುವುದಿಲ್ಲ. 'ಏನಾದರೂ ಆದರೆ ಅಳುತ್ತದೆ, ನನಗೆ ಎಚ್ಚರವಾಗುತ್ತದೆ' ಎಂದು ನೆಚ್ಚಿಕೊಂಡು ಕೂರುವಂತಿಲ್ಲ ಎನ್ನುವುದು ಇದಕ್ಕೇ.

ಅಂಗಾತ ಮಲಗಿಸಿದರೆ ಹಾಲು ಕಕ್ಕಿ ಗಂಟಲಿಗೆ ಸಿಕ್ಕಿಕೊಳ್ಳುವುದಿಲ್ಲವೇ? ಮಗ್ಗುಲಾಗಿ ಮಲಗಿಸಿದರೆ ಒಳ್ಳೆಯದಲ್ಲವೇ?

ಈ ಹೆದರಿಕೆ ಇಲ್ಲದ ಮನೆಯನ್ನು ನಾನು ಕಂಡಿಲ್ಲ. ಅಂಗಾತ ಮಲಗಿದಾಗ ಉಸಿರಿನ ನಾಳ ಮೇಲಿರುತ್ತದೆ, ಅನ್ನನಾಳ ಕೆಳಗಿರುತ್ತದೆ. ಕಕ್ಕಿದ ಹಾಲು ಮೇಲಕ್ಕೆ ಹತ್ತಿ ಉಸಿರಿನ ನಾಳಕ್ಕೆ ಬೀಳುವುದು ಕಷ್ಟ. ಬೋರಲು ಹಾಕಿದರೆ ನಾಳಗಳು ತಿರುವುಮುರುವಾಗುತ್ತವೆ. ಮಗ್ಗುಲಾಗಿ ಮಲಗಿಸಿದ ಮಗು ಹೊರಳಿ ಬೋರಲಾಗುವುದು ಬಹು ಸುಲಭ. 1990ರ ದಶಕದ ಆರಂಭದಲ್ಲಿ ಬ್ರಿಟನ್, ನ್ಯೂಜಿಲೆಂಡ್, ಅಮೆರಿಕಗಳಲ್ಲಿ 'ಮಗುವನ್ನು ಅಂಗಾತ ಮಲಗಿಸಿ' ಎಂಬ ಒಂದೇ ಮಾತನ್ನು ಊರೂರಿಗೆ ಮುಟ್ಟಿಸಿದರು. ಇಂಥ ಸಾವುಗಳು ಅರ್ಧಕ್ಕಿಂತ ಕೆಳಗಿಳಿದವು. ಔಷಧಿಯಿಲ್ಲದೆ, ಖರ್ಚಿಲ್ಲದೆ ಇಷ್ಟು ಜೀವ ಉಳಿಸಿದ ಸಲಹೆ ನನ್ನ ವೃತ್ತಿಯಲ್ಲಿ ಮತ್ತೊಂದನ್ನು ನಾನು ನೋಡಿಲ್ಲ.

ಹಾಲು ಕುಡಿಸಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸಿ, ಆಮೇಲೆ ಅಂಗಾತ ಮಲಗಿಸಿ. ಹಗಲಿನ ನಿದ್ದೆಗೂ ಇದೇ.

ಯಾರು ಪಕ್ಕದಲ್ಲಿ ಮಲಗಿಸಿಕೊಳ್ಳಲೇಬಾರದು?

ಇದರಲ್ಲಿ ರಿಯಾಯಿತಿ ಇಲ್ಲ. ತಾಯಿ ಅಥವಾ ಅದೇ ಹಾಸಿಗೆಯಲ್ಲಿ ಮಲಗುವವರು ಬೀಡಿ, ಸಿಗರೇಟು ಸೇದುವವರಾಗಿದ್ದರೆ ಬೇಡ. ಹೊರಗೆ ಹೋಗಿ ಸೇದಿ ಬಂದರೂ ಬೇಡ, ಬಸಿರಿನಲ್ಲಿ ಸೇದಿ ಈಗ ಬಿಟ್ಟಿದ್ದರೂ ಬೇಡ. ಅಂದು ಯಾರಾದರೂ ಕುಡಿದಿದ್ದರೆ ಬೇಡ. ನಿದ್ದೆ ಬರಿಸುವ ಮಾತ್ರೆ, ಶೀತ ಕೆಮ್ಮಿಗೆ ಕೊಡುವ ಮಂಪರಿನ ಔಷಧಿ, ಫಿಟ್ಸ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಬೇಡ. ಮಗು 37 ವಾರ ತುಂಬುವ ಮುನ್ನ ಹುಟ್ಟಿದ್ದರೆ, ಅಥವಾ ಹುಟ್ಟುವಾಗ ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ ಬೇಡ. ಇಂಥ ಮನೆಗಳಲ್ಲಿ ಮಗು ಅದೇ ಕೋಣೆಯಲ್ಲಿ, ಬೇರೆ ಹಾಸಿಗೆಯಲ್ಲಿ ಮಲಗಲಿ.

## ಹಾಸಿಗೆ, ಮಂಚ, ತೊಟ್ಟಿಲು

ನಮ್ಮದು ಬೂರುಗದ ಹತ್ತಿಯ ಹಾಸಿಗೆ. ಅದು ಆಗುತ್ತದೆಯೇ?

ಹೊಸದಾದರೆ ಆಗುವುದಿಲ್ಲ, ತೀರಾ ಮೆತ್ತಗೆ. ಹಳೆಯದಾಗಿ ನಡುವೆ ಗುಂಡಿ ಬಿದ್ದಿದ್ದರೂ ಆಗುವುದಿಲ್ಲ. ಅಂಗೈ ಊರಿ ಜೋರಾಗಿ ಒತ್ತಿ, ಕೈ ತೆಗೆಯಿರಿ. ಕೈಯಚ್ಚು ಹಾಗೆಯೇ ಉಳಿದರೆ ಆ ಹಾಸಿಗೆ ಮಗುವಿನದಲ್ಲ. ಒತ್ತಿದಷ್ಟೇ ಬೇಗ ಮೊದಲಿನಂತಾಗಬೇಕು. ಚೆನ್ನಾಗಿ ಒತ್ತಿ ತುಂಬಿದ ಹತ್ತಿ ಹಾಸಿಗೆ, ತೆಂಗಿನ ನಾರಿನ ಹಾಸಿಗೆ ಸಾಮಾನ್ಯವಾಗಿ ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆ. ನುಲಿ ಹೆಣೆದ ಮಂಚ ನಡುವೆ ಜೋತು ಬಿದ್ದಿದ್ದರೆ ಅದನ್ನು ಬಾಣಂತಿಯ ಕೋಣೆಯಿಂದ ಹೊರಗಿಡಿ. ತೊಟ್ಟಿಯಂತಾದ ಹಾಸಿಗೆಯಲ್ಲಿ ಮಗು ಉರುಳುರುಳಿ ದೊಡ್ಡವರ ಮೈಗೇ ಬಂದು ಸೇರುತ್ತದೆ.

ತೋಟದ ಕೂಲಿಯವರ ಸಾಲುಮನೆ, ಲೈನ್ ಮನೆ ನಮ್ಮದು. ಇರುವುದು ಒಂದೇ ಕೋಣೆ, ಐದು ಜನ. ನೆಲದ ಮೇಲೆ ಮಲಗುತ್ತೇವೆ. ಏನು ಮಾಡಬೇಕು?

ನೆಲ ಒಂದು ರೀತಿಯಲ್ಲಿ ಒಳ್ಳೆಯದೇ: ಗಟ್ಟಿ, ಸಮ, ಬೀಳುವ ಭಯವಿಲ್ಲ. ತೊಂದರೆ ಬೇರೆ. ಮಳೆಗಾಲದಲ್ಲಿ ನೆಲ ತಣ್ಣಗೆ ಬೆವರುತ್ತದೆ, ಇರುವೆ ಸಾಲು ಬರುತ್ತದೆ, ತೋಟದ ಮನೆಗಳಲ್ಲಿ ಹುಳ ಹುಪ್ಪಟೆ, ಹಾವಿನ ಮಾತೂ ಇದ್ದೇ ಇದೆ. ಮಾದಾಪುರದ ಕಡೆ ಒಂದು ಲೈನ್ ಮನೆಯಲ್ಲಿ ಕಂಡ ಏರ್ಪಾಡು ನನಗೆ ಇಂದಿಗೂ ಮೆಚ್ಚುಗೆ. ಗಂಡ ತೋಟದಲ್ಲಿ ಸಿಕ್ಕ ಸಿಲ್ವರ್ ಮರದ ಹಲಗೆ ತಂದು ಮೊಣಕಾಲಿಗಿಂತ ಕೆಳಗಿನ ಎತ್ತರದ ಒಂದು ಜಗಲಿಮಂಚ ಹೊಡೆದಿದ್ದ. ನಾಲ್ಕು ಕಾಲಿಗೂ ಖಾಲಿ ಡಬ್ಬಿಯ ತಳ ಕತ್ತರಿಸಿ ನೀರು ತುಂಬಿಸಿ ಇಟ್ಟಿದ್ದ, ಇರುವೆ ಹತ್ತುತ್ತಿರಲಿಲ್ಲ. ಎಣ್ಣೆ ಹಚ್ಚಿದ ಮಗುವಿನ ಮೈಗೆ ಇರುವೆ ಹೇಗೆ ಮುತ್ತುತ್ತವೆ ಎಂದು ನೋಡಿದವರಿಗೆ ಅದರ ಬೆಲೆ ಗೊತ್ತು. ಮಂಚದ ಮೇಲೆ ತಾಯಿ ಮತ್ತು ಮಗು, ಉಳಿದವರು ಕೆಳಗೆ.

ಹಲಗೆ ಸಿಗದಿದ್ದರೆ ಚಾಪೆಯ ಕೆಳಗೆ ದಪ್ಪನೆಯ ಪ್ಲಾಸ್ಟಿಕ್ ತಾಡಪಾಲು ಹಾಸಿ. ಮಗು ಮಲಗುವ ಜಾಗಕ್ಕೆ ಮಾತ್ರ ಪ್ಲಾಸ್ಟಿಕ್ ನೇರವಾಗಿ ತಾಗದಿರಲಿ, ಅದರ ಅಂಚು ಮುಖದ ಬಳಿ ಮೇಲೇಳದಿರಲಿ.

ಮಗು ಯಾವ ಪಕ್ಕ? ಅಪ್ಪ ಎಲ್ಲಿ ಮಲಗಬೇಕು?

ಮಗು, ತಾಯಿ, ಆಮೇಲೆ ಅಪ್ಪ. ಇಬ್ಬರ ನಡುವೆ ಮಗು ಬೇಡ. ಹಾಲೂಡಿಸುವ ತಾಯಿ ಮಗುವಿನ ಕಡೆಗೇ ಮುಖ ಮಾಡಿ, ಮೊಣಕಾಲು ಮಡಚಿ, ಹಾಸಿಗೆಯ ಕಡೆಯ ತೋಳನ್ನು ಮಗುವಿನ ತಲೆಯ ಮೇಲಿನ ಜಾಗದಲ್ಲಿ ಚಾಚಿ ಮಲಗುತ್ತಾಳೆ. ಮೈಯೇ ಕೊಕ್ಕೆಯಂತೆ ಮಗುವನ್ನು ಸುತ್ತಿರುತ್ತದೆ. ಮಗು ಮೇಲಕ್ಕೆ ಸರಿದು ದಿಂಬಿನ ಕೆಳಗೆ ಹೋಗಲಾರದು, ಕೆಳಕ್ಕೆ ಜಾರಿ ಹೊದಿಕೆಯೊಳಗೆ ಹೋಗಲಾರದು. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ, ಬಹುಪಾಲು ತಾಯಂದಿರು ತಾವಾಗಿ ಹೀಗೆಯೇ ಮಲಗುತ್ತಾರೆ. ಅಪ್ಪನಿಗೆ ಆ ಎಚ್ಚರ ಅಷ್ಟಿರುವುದಿಲ್ಲ, ತಪ್ಪೇನೂ ಅವರದಲ್ಲ.

ದೊಡ್ಡ ಮಗು ಇದ್ದರೆ ಅದು ಅಪ್ಪನ ಆ ಬದಿಗೆ. ಮೂರು ವರ್ಷದ ಅಕ್ಕನನ್ನು ಮಗುವಿನ ಪಕ್ಕದಲ್ಲಿ ಎಂದೂ ಮಲಗಿಸಬೇಡಿ, ಎಷ್ಟೇ ಮುದ್ದಾಗಿ ಕಂಡರೂ. ಬೆಕ್ಕಿಗೆ ಕೋಣೆಯ ಬಾಗಿಲು ಮುಚ್ಚಿರಲಿ. ಬೆಚ್ಚಗಿನ ಜಾಗ ಎಲ್ಲಿದೆ ಎಂದು ಅದಕ್ಕೆ ನಿಮಗಿಂತ ಚೆನ್ನಾಗಿ ಗೊತ್ತು.

ಬೀಳದಿರಲಿ ಎಂದು ಮಂಚವನ್ನು ಗೋಡೆಗೆ ತಾಗಿಸಿ, ಮಗುವನ್ನು ಗೋಡೆಯ ಬದಿಗೆ ಮಲಗಿಸಿದ್ದೇವೆ. ಸರಿ ತಾನೇ?

ಬೀಳುವುದಕ್ಕಿಂತ ಗೋಡೆಯ ಸಂದಿನಲ್ಲಿ ಸಿಕ್ಕಿಕೊಳ್ಳುವುದೇ ಹೆಚ್ಚು ಅಪಾಯ. ಇಂದು ತಾಗಿಸಿದ ಮಂಚ ನಾಳೆ ಸರಿದಿರುತ್ತದೆ. ಹಳೆಯ ಮಣ್ಣಿನ ಗೋಡೆಗಳಂತೂ ಎಲ್ಲೂ ನೇರವಿಲ್ಲ, ಮೇಲೆ ತಾಗಿದರೆ ಕೆಳಗೆ ಬಾಯಿ ಬಿಟ್ಟಿರುತ್ತದೆ. ಎರಡು ಬೆರಳು ತೂರುವಷ್ಟು ಸಂದು ಕಂಡರೂ ಅದು ಅಪಾಯದ ಸಂದು. ಅದಕ್ಕೆ ದಿಂಬು, ಸೀರೆ ತುರುಕುವುದು ಪರಿಹಾರವಲ್ಲ, ಅದೇ ಇನ್ನೊಂದು ಅಪಾಯ. ಮಂಚ ಬಿಟ್ಟು ಹಾಸಿಗೆಯನ್ನು ಕೋಣೆಯ ನಡುವೆ ನೆಲಕ್ಕಿಳಿಸುವುದು ನನ್ನ ಆಯ್ಕೆ.

ತೊಟ್ಟಿಲು ಒಳ್ಳೆಯದೋ, ಸೀರೆಯ ಜೋಲಿ ಒಳ್ಳೆಯದೋ?

ರಾತ್ರಿಯ ನಿದ್ದೆಗೆ ತಳ ಸಮತಟ್ಟಾದ ತೊಟ್ಟಿಲು ಒಳ್ಳೆಯದು. ಸರಳುಗಳ ನಡುವಿನ ಅಂತರ ಆರು ಸೆಂಟಿಮೀಟರ್ ಮೀರಬಾರದು. ಐನ್‌ಮನೆಯ, ಅಂದರೆ ಕೊಡವ ಕುಟುಂಬದ ಮೂಲಮನೆಯ, ಅಟ್ಟದಿಂದ ಇಳಿಸಿದ ತೇಗದ ತೊಟ್ಟಿಲು ನೋಡಲು ಚೆಂದ; ಆದರೆ ಅಳತೆಪಟ್ಟಿ ಹಿಡಿದು ನೋಡಿ, ಬಿರುಕು, ಮೊಳೆ, ಸಡಿಲ ಕೊಂಡಿ ತಡವಿ ನೋಡಿ. ನಾಮಕರಣದ ದಿನ ಅದರಲ್ಲಿ ಮಲಗಿಸಿ ಸಂತೋಷಪಡಿ, ರಾತ್ರಿಗೆ ಬೇಕೇ ಎಂದು ಆಮೇಲೆ ತೀರ್ಮಾನಿಸಿ.

ಜೋಲಿಯಲ್ಲಿ ಮಗುವಿನ ಬೆನ್ನು ಬಿಲ್ಲಿನಂತೆ ಬಾಗಿ ಗಲ್ಲ ಎದೆಗೆ ತಾಗುತ್ತದೆ. ಎಳೆಯ ಮಗುವಿನ ಉಸಿರಿನ ದಾರಿ ಮೆತ್ತಗಿನ ಕೊಳವೆಯಿದ್ದಂತೆ, ಮಡಚಿದರೆ ಮುಚ್ಚಿಕೊಳ್ಳುತ್ತದೆ. ಅಳುವ ಮಗುವನ್ನು ಹತ್ತು ನಿಮಿಷ ತೂಗಲು ಜೋಲಿ ಸಾಕು, ಎದುರಿಗೆ ನೀವಿರಬೇಕು. ನಿದ್ದೆ ಹತ್ತಿದ ಮೇಲೆ ಎತ್ತಿ ಹಾಸಿಗೆಗೆ ಹಾಕಿ. ಕಾಫಿ ಕೊಯ್ಲಿನ ದಿನಗಳಲ್ಲಿ ಮರದ ಕೊಂಬೆಗೆ ಜೋಲಿ ಕಟ್ಟಿ ಸಾಲು ದಾಟಿ ಹೋಗುವುದನ್ನು ಕಂಡಿದ್ದೇನೆ. ಬೈಯಲು ನನಗೆ ಬಾಯಿ ಬರಲಿಲ್ಲ. ಕೂಲಿ ಬಿಡುವಂತಿಲ್ಲ ಎನ್ನುವುದು ನನಗೂ ಗೊತ್ತಿತ್ತು. ಅಂಥವರಿಗೆ ಹೇಳಿದ್ದು ಇಷ್ಟೇ: ಕಣ್ಣಿಗೆ ಮುಖ ಕಾಣುವಷ್ಟು ದೂರದಲ್ಲಿ ಕೊಯ್ಯಿರಿ, ಜೋಲಿಗೆ ಮೇಲಿನಿಂದ ಬಟ್ಟೆ ಮುಚ್ಚಬೇಡಿ.

ತಲೆ ದುಂಡಗಾಗಲು ರಾಗಿ ದಿಂಬು ಇಡುತ್ತಾರಲ್ಲ?

ಬೇಡ. ಒಂದು ವರ್ಷದವರೆಗೆ ರಾಗಿಯದು, ಸಾಸಿವೆಯದು, ಅಂಗಡಿಯದು, ಯಾವ ದಿಂಬೂ ಬೇಡ. ತಲೆ ಒಂದೇ ಕಡೆ ಚಪ್ಪಟೆಯಾಗುತ್ತಿದ್ದರೆ ಹಗಲಲ್ಲಿ, ಮಗು ಎಚ್ಚರವಿರುವಾಗ, ನಿಮ್ಮ ಕಣ್ಣೆದುರು ಸ್ವಲ್ಪ ಹೊತ್ತು ಬೋರಲು ಮಲಗಿಸಿ ಆಡಿಸಿ. ಕತ್ತಿನ ಬಲವೂ ಬರುತ್ತದೆ.

ಕೊರಳಿನ ಕಪ್ಪು ದಾರ, ತಾಯಿತ ತೆಗೆಯಬೇಕೇ?

ರಾತ್ರಿ ತೆಗೆಯಿರಿ. ಮನಸ್ಸೊಪ್ಪದಿದ್ದರೆ ಕೊರಳಿನಿಂದ ಬಿಚ್ಚಿ ಕೋಣೆಯ ಮೊಳೆಗೆ ತೂಗುಹಾಕಿ. ಕಾಯುವ ದೇವರು ಅಲ್ಲಿಂದಲೂ ಕಾಯುತ್ತಾನೆ. ತಾಯಿಯ ಉದ್ದ ಸರ, ದುಪ್ಪಟ್ಟಾ ಕೂಡ ರಾತ್ರಿ ಪಕ್ಕಕ್ಕಿರಲಿ, ಜಡೆ ಮೇಲಕ್ಕೆ ಕಟ್ಟಿರಲಿ.

## ಕೊಡಗಿನ ಮಳೆ, ಚಳಿ

ಜನವರಿಯಲ್ಲಿ ಮಡಿಕೇರಿಯಲ್ಲಿ ನಮಗೇ ಹಲ್ಲು ಕಟಕಟ ಎನ್ನುತ್ತದೆ. ಮಗುವಿಗೆ ಎಷ್ಟು ಹೊದಿಸಬೇಕು?

ನೀವು ತೊಟ್ಟಷ್ಟಕ್ಕೆ ಒಂದು ಪದರ ಹೆಚ್ಚು, ಅಷ್ಟೇ. ಚಳಿಗಿಂತ ಸೆಕೆಯೇ ನಿದ್ದೆಯಲ್ಲಿರುವ ಮಗುವಿಗೆ ದೊಡ್ಡ ಶತ್ರು. ನಾನು ಹೋದ ಎಷ್ಟೋ ಮನೆಗಳಲ್ಲಿ ಮಗುವನ್ನು ಹುಡುಕಬೇಕಿತ್ತು: ಬನಿಯನ್, ಅಂಗಿ, ಸ್ವೆಟರ್, ಟೊಪ್ಪಿ, ಕಾಲುಚೀಲ, ಮೇಲೆ ಬಟ್ಟೆ ಸುತ್ತಿ, ಅದರ ಮೇಲೆ ಕಂಬಳಿ. ಬಿಚ್ಚುತ್ತ ಹೋದರೆ ಒಳಗೆ ಬೆವರಿದ ಪುಟ್ಟ ಕತ್ತು.

ಕೈಕಾಲು ಮುಟ್ಟಿ ನೋಡಬೇಡಿ, ಅವು ತಣ್ಣಗಿರುವುದು ಸಹಜ. ಕತ್ತಿನ ಹಿಂಭಾಗ ಅಥವಾ ಎದೆ ಮುಟ್ಟಿ. ಬೆಚ್ಚಗಿದ್ದರೆ ಸಾಕು, ಒದ್ದೆಯಿದ್ದರೆ ಒಂದು ಪದರ ತೆಗೆಯಿರಿ. ಮಗು ಮೈಯ ಬಿಸಿಯನ್ನು ಹೊರಹಾಕುವುದು ಹೆಚ್ಚಾಗಿ ತಲೆ, ಮುಖದಿಂದ. ಆದ್ದರಿಂದ ಮನೆಯೊಳಗೆ ಮಲಗುವಾಗ ಟೊಪ್ಪಿ ಬೇಡ. ಹುಟ್ಟಿದ ಮೊದಲ ದಿನದ ಮಾತು, ತೂಕ ಕಡಿಮೆಯಿರುವ ಮಗುವಿನ ಮಾತು ಬೇರೆ; ಅಲ್ಲಿ ಆಸ್ಪತ್ರೆಯವರು ಹೇಳಿದಂತೆ ನಡೆಯಲಿ.

ಪಕ್ಕದಲ್ಲಿ ಮಲಗಿಸಿಕೊಂಡಾಗ ಮಗುವಿಗೆ ನಿಮ್ಮ ಮೈಯ ಬಿಸಿಯೂ ಸೇರುತ್ತದೆ ಎಂದು ಲೆಕ್ಕ ಹಾಕಿ. ಆಗ ಬಟ್ಟೆಯಲ್ಲಿ ಬಿಗಿದು ಸುತ್ತುವುದು ಬೇಡವೇ ಬೇಡ, ಕೈ ಬಿಡುವಾಗಿರಲಿ. ತಾಯಿ ಮುಂದೆ ಗುಂಡಿಯಿರುವ ಸ್ವೆಟರ್ ತೊಟ್ಟು, ಕಂಬಳಿಯನ್ನು ಸೊಂಟದವರೆಗೆ ಮಾತ್ರ ಹೊದೆಯಲಿ. ಎದೆ ಭಾಗ ಸ್ವೆಟರಿನಿಂದ ಬೆಚ್ಚಗೆ, ಕಾಲು ಕಂಬಳಿಯಿಂದ ಬೆಚ್ಚಗೆ, ಮಗುವಿನ ಮುಖದ ಹತ್ತಿರ ಏನೂ ಇಲ್ಲ.

ಬಾಣಂತಿಯ ಮಂಚದ ಕೆಳಗೆ ಕೆಂಡ ಇಡುವ ಪದ್ಧತಿ ನಮ್ಮಲ್ಲಿದೆ. ಮಳೆಗಾಲ ಬೇರೆ. ಇಡಬಹುದೇ?

ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಮಲಗಬೇಡಿ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣದಿದ್ದರೆ ಕ್ಷೇಮ ಎಂದುಕೊಳ್ಳುತ್ತೇವೆ. ಹೊಗೆಯಾಡದ ಕೆಂಡವೂ ಅದನ್ನು ಬಿಡುತ್ತಲೇ ಇರುತ್ತದೆ. ಮಗು ನಮಗಿಂತ ವೇಗವಾಗಿ ಉಸಿರಾಡುವುದರಿಂದ ಅದಕ್ಕೆ ಬೇಗ ತಟ್ಟುತ್ತದೆ. ಬೆಳಿಗ್ಗೆ ಮನೆಯವರಿಗೆಲ್ಲ ತಲೆನೋವು, ವಾಕರಿಕೆ ಎಂದರೆ ಮಳೆಯ ಶೀತ ಎಂದು ಸುಮ್ಮನಾಗದೆ ಮೊದಲು ಬಾಗಿಲು ತೆರೆದು ಎಲ್ಲರೂ ಹೊರಗೆ ಬನ್ನಿ.

ಕೋಣೆ ಬೆಚ್ಚಗಾಗಬೇಕೆಂದರೆ ಮಲಗುವ ಮುನ್ನ ಬಾಗಿಲು ತೆರೆದಿಟ್ಟು ಕೆಂಡ ಇಟ್ಟು, ಮಲಗುವಾಗ ಪೂರ್ತಿ ಹೊರಗೆ ಸಾಗಿಸಿ. ಬಿಸಿನೀರಿನ ಚೀಲದಿಂದ ಹಾಸಿಗೆ ಕಾಯಿಸಿ, ಮಗುವನ್ನು ಮಲಗಿಸುವ ಮುನ್ನ ಚೀಲ ತೆಗೆಯಿರಿ. ಸ್ನಾನದ ಮೇಲಿನ ಸಾಂಬ್ರಾಣಿ ಹೊಗೆಗೂ ನನ್ನ ಸಮ್ಮತಿ ಇಲ್ಲ. ಕೂದಲು ಒಣಗಲು ಟವೆಲ್ ಸಾಲದೇ?

ಸೊಳ್ಳೆಗೆ ಏನು ಮಾಡುವುದು? ಕೊಡೆಯಂತೆ ಬಿಚ್ಚುವ ಪರದೆ ತಂದಿದ್ದೇವೆ.

ಸೊಳ್ಳೆಬತ್ತಿಗಿಂತ ಪರದೆ ಎಷ್ಟೋ ಮೇಲು. ಆದರೆ ಆ ಕೊಡೆ ಪರದೆಯ ಜೊತೆಗೆ ಹೂವಿನ ಚಿತ್ರದ ಮೆತ್ತನೆಯ ಪುಟ್ಟ ಹಾಸಿಗೆ, ಒಂದು ದಿಂಬು, ಎರಡು ಬದಿಗೆ ಎರಡು ಉದ್ದ ಮೆತ್ತೆ ಕೊಡುತ್ತಾರೆ. ಸೀಮಂತಕ್ಕೆ ಬರುವ ಉಡುಗೊರೆಗಳಲ್ಲಿ ಮೂರರಲ್ಲಿ ಒಂದು ಅದೇ ಇರುತ್ತದೆಯೇನೋ ಅನ್ನಿಸುತ್ತದೆ. ಪರದೆಯನ್ನು ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಅಟ್ಟಕ್ಕೆ ಹಾಕಿ. ಮಗು ಹೊರಳಲು ಶುರುವಾದ ಮೇಲೆ ಕೊಡೆ ಪರದೆ ಬೇಡ, ಬಲೆ ಮುಖಕ್ಕೆ ಅಂಟಿಕೊಳ್ಳುತ್ತದೆ. ದೊಡ್ಡ ಮಂಚಕ್ಕೆ ಬಿಗಿಯಾಗಿ ಕಟ್ಟಿ ಹಾಸಿಗೆಯಡಿ ಸೇರಿಸುವ ಪರದೆಯೇ ಆಗಬೇಕು.

ಜುಲೈನಲ್ಲಿ ಹಾಸಿಗೆ, ಬಟ್ಟೆ ಏನೂ ಒಣಗುವುದಿಲ್ಲ.

ಕಕ್ಕಡದ ಈ ಮಳೆ ತಿಂಗಳಲ್ಲಿ ಇದಕ್ಕೆ ಪೂರ್ತಿ ಪರಿಹಾರ ಇಲ್ಲ. ಹಾಸಿಗೆ ಒಂದೇ ಇರಲಿ, ತೆಳ್ಳಗಿನ ಹತ್ತಿ ಮೇಲುಹಾಸು ಎಂಟೊಂಬತ್ತು ಇರಲಿ. ಒಲೆಯ ಮೇಲಿನ ಹಗ್ಗದಲ್ಲಿ ಒಣಗಿಸಿದ್ದಕ್ಕೆ ಹೊಗೆಯ ವಾಸನೆ ಹಿಡಿದಿದ್ದರೆ ಅದನ್ನು ನೀವು ಹೊದ್ದುಕೊಳ್ಳಿ, ಮಗುವಿನ ಕೆಳಗೆ ಬೇಡ. ಮಲಗುವ ಕೋಣೆಯಲ್ಲೇ ಹಗ್ಗ ಕಟ್ಟಿದ್ದರೆ ಮಗುವಿನ ನೇರಕ್ಕೆ ಬಟ್ಟೆ ತೂಗದಿರಲಿ. ಗಾಳಿಗೆ ಬೀಳುವುದು ಮುಖದ ಮೇಲೇ.

## ಸ್ವಲ್ಪ ಕಠಿಣವಾದವು

ಹುತ್ತರಿ, ಕೈಲ್ ಮುಹೂರ್ತ, ಮದುವೆ ಎಂದರೆ ನಮ್ಮ ಮನೆಯಲ್ಲಿ ಕುಡಿಯುವುದು ಇದ್ದದ್ದೇ. ಒಂದು ರಾತ್ರಿಗೆ ಏನಾಗುತ್ತದೆ?

ಆಗುವುದು ಒಂದು ರಾತ್ರಿಯಲ್ಲೇ. ಹಬ್ಬ ಬೇಡ ಎಂದು ನಾನು ಹೇಳುವುದಿಲ್ಲ, ನಾನೂ ಕೊಡಗಿನವಳೇ. ಆದರೆ ಅಂದು ಯಾರು ಎಲ್ಲಿ ಮಲಗುತ್ತಾರೆ ಎಂದು ಬಾಟಲಿ ತೆರೆಯುವ ಮುನ್ನವೇ ತೀರ್ಮಾನವಾಗಿರಲಿ. ಕುಡಿದ ಅಪ್ಪ ಇನ್ನೊಂದು ಕೋಣೆಯಲ್ಲಿ, ಇಲ್ಲವೇ ಜಗಲಿಯಲ್ಲಿ. ಚಳಿಗೆಂದು ಬಾಣಂತಿಗೆ ಒಂದೆರಡು ಚಮಚ ಬ್ರಾಂಡಿ ಕೊಡುವ ಮನೆಗಳಿವೆ. ಆ ರಾತ್ರಿ ಮಗು ತಾಯಿಯ ಹಾಸಿಗೆಯಲ್ಲಿ ಬೇಡ. ಬ್ರಾಂಡಿಯೇ ಬೇಡ ಎನ್ನುವುದು ನನ್ನ ಮಾತು, ಕೇಳುವವರು ಕಡಿಮೆ.

ಹಾಸಿಗೆಯಲ್ಲಿ ನಿದ್ದೆ ಬಂದೀತೆಂದು ಸೋಫಾದಲ್ಲಿ ಕುಳಿತು ಹಾಲು ಕೊಡುತ್ತೇನೆ. ಜಾಣತನ ತಾನೇ?

ಉದ್ದೇಶ ಒಳ್ಳೆಯದು, ಜಾಗ ಅತ್ಯಂತ ಕೆಟ್ಟದು. ಸೋಫಾ, ಆರಾಮಕುರ್ಚಿಯಲ್ಲಿ ಮಗುವಿನೊಡನೆ ನಿದ್ದೆ ಹೋಗುವುದು ಹಾಸಿಗೆಗಿಂತ ಬಹುಪಟ್ಟು ಅಪಾಯಕರ; ಇದರಲ್ಲಿ ವೈದ್ಯರ ನಡುವೆ ಭಿನ್ನಮತವೇ ಇಲ್ಲ. ಮಗು ಜಾರಿ ಒರಗುವ ಮೆತ್ತೆಗೂ ನಿಮ್ಮ ಮೈಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಕಣ್ಣು ಎಳೆಯುತ್ತಿದ್ದರೆ ಅಣಿ ಮಾಡಿದ ಹಾಸಿಗೆಗೇ ಹೋಗಿ ಮಲಗಿಕೊಂಡು ಕುಡಿಸಿ. ಎಚ್ಚರವಾದ ಕೂಡಲೇ ಮಗುವನ್ನು ಅದರ ಹಾಸಿಗೆಗೆ ಹಾಕಿ.

ಮಗು ಹುಟ್ಟಿದ್ದೇ 1.9 ಕಿಲೋ. ಎದೆಗೆ ಕಟ್ಟಿಕೊಳ್ಳಿ ಎಂದು ಆಸ್ಪತ್ರೆಯಲ್ಲಿ ಹೇಳಿದರು. ನೀವು ಪಕ್ಕದಲ್ಲಿ ಮಲಗಿಸಬೇಡಿ ಎನ್ನುತ್ತೀರಿ. ಯಾವುದು ಸರಿ?

ಎರಡೂ ಸರಿ, ಎರಡೂ ಬೇರೆ ಬೇರೆ. ಅವರು ಹೇಳಿದ್ದು ಕಾಂಗರೂ ಆರೈಕೆ. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ, ಕಾವುಪೆಟ್ಟಿಗೆಗಳು ಸಾಲದೆ ಬಂದಾಗ ವೈದ್ಯರು ಕಂಡುಕೊಂಡ ದಾರಿ ಅದು. ಮಗು ಬರಿ ಮೈಯಲ್ಲಿ ಎದೆಯ ನಡುವೆ ನೇರವಾಗಿ, ಬಟ್ಟೆಯಿಂದ ಭದ್ರವಾಗಿ ಕಟ್ಟಿರುತ್ತದೆ, ಮುಖ ಒಂದು ಬದಿಗೆ, ಮೂಗು ಬಿಡುವಾಗಿ. ತಾಯಿ ಒರಗಿ ಕುಳಿತಿರುತ್ತಾಳೆ. ಹಾಸಿಗೆಯಲ್ಲಿ ಸಡಿಲವಾಗಿ ಮಗ್ಗುಲಿಗೆ ಹಾಕಿಕೊಳ್ಳುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ತಾಯಿಗೆ ನಿದ್ದೆ ಬಂದಾಗ ಅಪ್ಪ, ಅಜ್ಜಿ ಸರದಿ ತೆಗೆದುಕೊಳ್ಳಬಹುದು. ಅಪ್ಪನ ಎದೆಯೂ ಅಷ್ಟೇ ಬೆಚ್ಚಗಿರುತ್ತದೆ. ಎಷ್ಟು ದಿನ, ಎಷ್ಟು ಗಂಟೆ ಎನ್ನುವುದನ್ನು ತೂಕ ನೋಡಿ ಆಸ್ಪತ್ರೆಯವರೇ ಹೇಳಬೇಕು. ಆಶಾ ಕಾರ್ಯಕರ್ತೆ ಹೆರಿಗೆಯ ನಂತರ 3, 7, 14, 21, 28, 42ನೆಯ ದಿನ ಮನೆಗೆ ಬರುತ್ತಾರೆ. ಆ ದಿನಗಳಲ್ಲಿ ಅವರಿಗೆ ಕಾಫಿ ಕೊಟ್ಟು ಕಳಿಸಿಬಿಡಬೇಡಿ, ಮಲಗುವ ಜಾಗ ತೋರಿಸಿ ಕೇಳಿ.

ನನಗೆ ಹಾಲು ಸಾಲದು, ಡಬ್ಬಿ ಹಾಲು ಕೊಡುತ್ತೇನೆ. ನನಗೂ ಇದೇ ನಿಯಮವೇ?

ನಿಮ್ಮ ಮಗು ಪಕ್ಕದ ಬೇರೆ ಹಾಸಿಗೆಯಲ್ಲಿ ಮಲಗುವುದು ಒಳ್ಳೆಯದು. ಮೊಲೆಯುಣಿಸುವ ತಾಯಿ ಮಗುವನ್ನು ಎದೆಯ ಮಟ್ಟದಲ್ಲೇ ಇರಿಸಿಕೊಂಡು ಅದರತ್ತ ತಿರುಗಿ ಮಲಗುತ್ತಾಳೆ. ಬಾಟಲಿ ಕೊಡುವಾಗ ಮಗು ಮೇಲಕ್ಕೆ, ದಿಂಬಿನ ಮಟ್ಟಕ್ಕೆ ಬಂದುಬಿಡುತ್ತದೆ. ಇದರಲ್ಲಿ ನಿಮ್ಮ ಕೊರತೆ ಏನೂ ಇಲ್ಲ. ಎದೆಹಾಲು ಸ್ವಲ್ಪವೇ ಕೊಟ್ಟರೂ ಮಗುವಿಗೆ ಅಷ್ಟು ರಕ್ಷಣೆ ಇದ್ದೇ ಇದೆ.

ಸಿಸೇರಿಯನ್ ಆಗಿದೆ, ರಾತ್ರಿ ಬಗ್ಗಿ ಎತ್ತಲಾಗುವುದಿಲ್ಲ.

ಮೊದಲ ಎರಡು ವಾರ ರಾತ್ರಿ ಮಗುವನ್ನು ಎತ್ತಿ ಕೊಡಲು, ತಿರುಗಿ ಮಲಗಿಸಲು ಒಬ್ಬರು ಅದೇ ಕೋಣೆಯಲ್ಲಿರಲಿ. ತವರಿನಲ್ಲಿ ಬಾಣಂತನ ಇರುವುದು ಇದಕ್ಕೇ ಅಲ್ಲವೇ? ನೋವಿನ ಮಾತ್ರೆಗಳಲ್ಲಿ ಮಂಪರು ತರುವವು ಇವೆ. ನಿಮ್ಮದು ಅಂಥದೇ ಎಂದು ಬಿಡುಗಡೆಯ ದಿನವೇ ಕೇಳಿಕೊಳ್ಳಿ.

ಒಬ್ಬ ವೈದ್ಯರು ಪಕ್ಕದಲ್ಲಿ ಮಲಗಿಸಲೇಬೇಡಿ ಎನ್ನುತ್ತಾರೆ, ಇನ್ನೊಬ್ಬರು ಪರವಾಗಿಲ್ಲ ಎನ್ನುತ್ತಾರೆ. ಯಾರನ್ನು ನಂಬಬೇಕು?

ಜಗಳ ನಿಮ್ಮ ಊರಿನದಷ್ಟೇ ಅಲ್ಲ, ಜಗತ್ತಿನದು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಒಂದೇ ಹಾಸಿಗೆ ಬೇಡ ಎನ್ನುತ್ತದೆ. ಸ್ತನ್ಯಪಾನದ ವಿಷಯದಲ್ಲೇ ಕೆಲಸ ಮಾಡುವ ವೈದ್ಯರ ಇನ್ನೊಂದು ಅಕಾಡೆಮಿ 2020ರಲ್ಲಿ ಬೇರೆಯೇ ದಾರಿ ಹಿಡಿಯಿತು: ಎದೆಹಾಲೂಡಿಸುವ, ಸೇದದ, ಕುಡಿಯದ ತಾಯಿಗೆ ಬೇಡ ಎಂದು ಗದರುವ ಬದಲು ಕ್ಷೇಮವಾಗಿ ಮಲಗಿಸಿಕೊಳ್ಳುವುದು ಹೇಗೆಂದು ಹೇಳಿಕೊಡಿ ಎಂದಿತು. ಜೇಮ್ಸ್ ಮೆಕೆನ್ನಾ ಎಂಬ ಮಾನವಶಾಸ್ತ್ರಜ್ಞ ತಾಯಿ ಮಗುವನ್ನು ಪ್ರಯೋಗಾಲಯದಲ್ಲಿ ಮಲಗಿಸಿ ಗಮನಿಸಿದವರು. ಜೊತೆಯಲ್ಲಿ ಮಲಗಿದಾಗ ಇಬ್ಬರ ನಿದ್ದೆಯೂ ಹಗುರ, ಒಬ್ಬರ ಅಲುಗಾಟಕ್ಕೆ ಇನ್ನೊಬ್ಬರಿಗೆ ಎಚ್ಚರ ಎಂದು ಕಂಡವರು.

ನನ್ನ ಅನುಭವದಲ್ಲಿ, ಬೈಸಿಕೊಂಡ ತಾಯಿ ಮಲಗಿಸಿಕೊಳ್ಳುವುದನ್ನು ಬಿಡುವುದಿಲ್ಲ, ಹೇಳುವುದನ್ನು ಬಿಡುತ್ತಾಳೆ. ಆಮೇಲೆ ಅವಳ ಹಾಸಿಗೆ ಹೇಗಿದೆ ಎಂದು ಯಾರಿಗೂ ತಿಳಿಯುವುದಿಲ್ಲ.

ಮಗು ತಾನೇ ಮಗುಚಿ ಬೋರಲಾಗುತ್ತಿದೆ. ರಾತ್ರಿಯಿಡೀ ತಿರುಗಿಸುತ್ತ ಕೂರಬೇಕೇ?

ಬೇಡ. ನೀವು ಅಂಗಾತವೇ ಮಲಗಿಸಿ. ಎರಡೂ ಕಡೆಗೆ ಸಲೀಸಾಗಿ ಮಗುಚಲು ಬಂದ ಮೇಲೆ ಅದು ಆರಿಸಿಕೊಂಡ ಭಂಗಿಯಲ್ಲಿ ಬಿಡಬಹುದು. ಬಟ್ಟೆಯಲ್ಲಿ ಸುತ್ತುವುದು ಮಗುಚುವ ಲಕ್ಷಣ ಕಂಡ ದಿನವೇ ನಿಲ್ಲಲಿ. ಎತ್ತರದ ಮಂಚದಿಂದ ನೆಲಕ್ಕಿಳಿಯಬೇಕಾದ ಕಾಲವೂ ಇದೇ.

ನೆಂಟರ ಮನೆಗೆ, ಹೋಂಸ್ಟೇಗೆ ಹೋದಾಗ?

ಅಲ್ಲಿನ ಹಾಸಿಗೆ ನಿಮ್ಮ ಕೈಯಲ್ಲಿಲ್ಲ, ಆಯಾಸ ಬೇರೆ. ಒಂದು ಚಾಪೆ, ಒಂದು ದಪ್ಪ ಜಮಖಾನ ಸುರುಳಿ ಸುತ್ತಿ ಕಾರಿನಲ್ಲಿ ಹಾಕಿಕೊಂಡು ಹೋಗಿ. ಕಾರಿನ ಮಗುವಿನ ಸೀಟಿನಲ್ಲಿ ನಿದ್ದೆ ಹೋದ ಮಗುವನ್ನು ಊರು ಮುಟ್ಟಿದ ಕೂಡಲೇ ಎತ್ತಿ ಸಮತಟ್ಟಾದ ಜಾಗಕ್ಕೆ ಹಾಕಿ. ಸೀಟನ್ನೇ ಕೋಣೆಗೆ ಒಯ್ದು ರಾತ್ರಿ ಕಳೆಯುವಂತಿಲ್ಲ.

ಅತ್ತೆ ಇದ್ಯಾವುದನ್ನೂ ಒಪ್ಪುವುದಿಲ್ಲ. ದಿಂಬು, ಟೊಪ್ಪಿ, ಕೆಂಡ ಎಲ್ಲ ಇರಲೇಬೇಕಂತೆ.

ಒಂದೇ ದಿನ ಎಲ್ಲದಕ್ಕೂ ಕೈಹಾಕಬೇಡಿ. ಮೊದಲು ಕೆಂಡ, ಬೋರಲು ಮಲಗಿಸುವುದು, ಮುಖದ ಮೇಲಿನ ಕಂಬಳಿ, ಈ ಮೂರರಲ್ಲಿ ಗೆಲ್ಲಿ. ಸಾಧ್ಯವಾದರೆ ಆಶಾ ಕಾರ್ಯಕರ್ತೆಯ ಬಾಯಿಂದ ಹೇಳಿಸಿ. ಸೊಸೆ ಹೇಳಿದರೆ ಎದುರುತ್ತರ, ಅವರು ಹೇಳಿದರೆ ಸಲಹೆ. ಅತ್ತೆಗೆ ಒಂದು ಕೆಲಸವನ್ನೂ ಕೊಡಿ. ರಾತ್ರಿ ಒಮ್ಮೆ ಎದ್ದು ಮಗುವಿನ ಕತ್ತು ಮುಟ್ಟಿ ನೋಡುವುದು ಅವರ ಪಾಲಿಗಿರಲಿ. ಬೆವರಿದ ಕತ್ತನ್ನು ಎರಡು ರಾತ್ರಿ ತಾವೇ ಮುಟ್ಟಿದ ಮೇಲೆ ಟೊಪ್ಪಿಯನ್ನು ತಾವಾಗಿಯೇ ತೆಗೆದ ಅತ್ತೆಯರನ್ನು ಕಂಡಿದ್ದೇನೆ.

ರಾತ್ರಿ ಮಗು ಸಪ್ಪೆಯಾಗಿ, ತುಟಿ ನೀಲಿಯಾಗಿ ಕಂಡರೆ ಮೊದಲು ಏನು ಮಾಡಬೇಕು?

ಒಬ್ಬರು 108ಕ್ಕೆ ಫೋನ್ ಮಾಡಿ, ಇನ್ನೊಬ್ಬರು ಮಗುವನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ ಅಂಗಾಲು ತಟ್ಟಿ ಎಬ್ಬಿಸಲು ನೋಡಿ. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡುವುದು, ಎದೆ ಒತ್ತುವುದು ತಿಳಿದಿರಬೇಕು. ಓದಿ ಬರುವ ವಿದ್ಯೆ ಅಲ್ಲ ಅದು. ಆಸ್ಪತ್ರೆಯಿಂದ ಹೊರಡುವ ಮುನ್ನ ನರ್ಸ್ ಅವರನ್ನು ಕೇಳಿ, ಅವರ ಎದುರಿಗೆ ಮಾಡಿ ತೋರಿಸಿ ಕಲಿತುಕೊಳ್ಳಿ. ತುಟಿ ಬಣ್ಣ ತಿರುಗಿದ ಮಗು ತಾನಾಗಿ ಚೇತರಿಸಿಕೊಂಡರೂ ಅದೇ ರಾತ್ರಿ ವೈದ್ಯರಿಗೆ ತೋರಿಸಿ.

ನಮ್ಮಲ್ಲಿ ಇನ್ನೊಂದು ಕಷ್ಟ ಇದೆ. ಮಳೆಗೆ ಕರೆಂಟ್ ಹೋದರೆ ಹಿಂದೆಯೇ ಮೊಬೈಲ್ ನೆಟ್‌ವರ್ಕೂ ಹೋಗುತ್ತದೆ. ಅಂಗಳದಲ್ಲಿ ಯಾವ ಮೂಲೆಯಲ್ಲಿ ಸಿಗ್ನಲ್ ಸಿಗುತ್ತದೆ ಎಂದು ಮೊದಲೇ ಗುರುತು ಮಾಡಿಡಿ. ಹತ್ತಿರದಲ್ಲಿ ಜೀಪು ಇರುವವರ ಮನೆಗೆ ಒಂದು ಮಾತು ಹೇಳಿಡಿ.

ಯಾವಾಗ ಬೇರೆ ಮಲಗಿಸಬೇಕು?

ಆರು ತಿಂಗಳ ನಂತರ ಅಪಾಯ ಇಳಿಯುತ್ತ ಹೋಗುತ್ತದೆ, ವರ್ಷ ತುಂಬಿದ ಮೇಲೆ ತೆಳುವಾದ ದಿಂಬು, ಹಗುರವಾದ ಹೊದಿಕೆ ಕೊಡಬಹುದು. ಅಲ್ಲಿಂದಾಚೆಗೆ ಇದು ಆರೋಗ್ಯ ಇಲಾಖೆಯ ಪ್ರಶ್ನೆಯಲ್ಲ, ನಿಮ್ಮ ಮನೆಯ ಪ್ರಶ್ನೆ. ನನ್ನ ಮಗ ಐದು ವರ್ಷಕ್ಕೆ ಬೇರೆ ಮಲಗಲು ಶುರುಮಾಡಿದ. ಸಿಡಿಲು ಹೊಡೆದ ರಾತ್ರಿಗಳಲ್ಲಿ ಮಾತ್ರ ದಿಂಬು ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದ.